ಅವ್ವನಿಗೆ ಕೊಂಡ ಗಾಜಿನ ಪಾಟಿ

ದಿನಾ ಬೆಳಿಗ್ಗೆ ಎಂಟರ ಸುಮಾರಿಗೆ ನನ್ನ ಫೋನಿನಲ್ಲಿ ಒಂದು ಮೂಗು ಬರುತ್ತದೆ. ಮೊದಲು ಬರೀ ಕಪ್ಪು. ಆಮೇಲೆ ಎರಡು ಹೊಳ್ಳೆ, ಎಡಗಡೆಯ ಹೊಳ್ಳೆಯ ಮೇಲೆ ಮೂಗುಬಟ್ಟು ತೆಗೆದ ತೂತು. ಸ್ವಲ್ಪ ಹೊತ್ತಿಗೆ ಮೂಗು ಹಿಂದೆ ಸರಿದು ಮುಖವಾಗುತ್ತದೆ. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಅದರ ಕೆಳಗೆ ದಪ್ಪ ಕನ್ನಡಕ. ಅದು ನಮ್ಮವ್ವ.

ಅವಳು ಇರುವುದು ನಾರಾಯಣಖೇಡದಲ್ಲಿ, ನಾನು ಇರುವುದು ಜಹೀರಾಬಾದಿನಲ್ಲಿ. ಅವಳಿಗೆ ಎಂಬತ್ತಾರೋ ಎಂಬತ್ತೆಂಟೋ, ಬರೆದಿಟ್ಟವರಿಲ್ಲ. ನನಗೆ ಅರವತ್ತೇಳು, ಅದು ಆಧಾರ್ ಕಾರ್ಡು ಹೇಳುವ ಮಾತು, ನಾನು ಒಪ್ಪಿದ್ದಲ್ಲ. ಮೊಮ್ಮಕ್ಕಳನ್ನು ಕಂಡ ಮುದುಕಿ ನಾನು. ಆದರೂ ಆ ಮೂಗು ಬಂದ ಕೂಡಲೇ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತೇನೆ. ಅವ್ವ ಇರುವ ತನಕ ಮಂದಿಗೆ ಬೆನ್ನು ಬಗ್ಗಿಸಿ ಕೂರುವ ಸುಖ ಇಲ್ಲ.

ಈಗ ಓಣಿಯ ಮಂದಿ ನನ್ನನ್ನು ಕೇಳುತ್ತಾರೆ, ಮನೆಯ ಹಿರಿಯರಿಗೆ ಟ್ಯಾಬ್ ಕೊಳ್ಳಬೇಕು, ಯಾವುದು ಕೊಂಡರೆ ಒಳ್ಳೆಯದು ಅಂತ. ನಾಲ್ಕನೆಯ ಇಯತ್ತೆ ಓದಿದವಳನ್ನು ಕೇಳುವ ಮಾತೇ ಇದು? ಆದರೆ ಕೇಳಿದ ಮೇಲೆ ಹೇಳಬೇಕಲ್ಲ. ಅಂಗಡಿಗೆ ಹೋದವರೆಲ್ಲ ಗಾಜು ನೋಡುತ್ತಾರೆ. ನೋಡಬೇಕಾದದ್ದು ಬೆರಳು. ಇಷ್ಟು ತಿಳಿಯಲು ನನಗೆ ಒಂದು ತೊಡೆ ಮುರಿಯಬೇಕಾಯಿತು. ಅವ್ವ ನಾಲ್ಕು ದಿನ ಊಟ ಬಿಡಬೇಕಾಯಿತು.

ತೊಡೆ ಮುರಿದದ್ದು ಬಚ್ಚಲಲ್ಲಿ. ಅದರಲ್ಲಿ ಹೇಳುವಂಥದ್ದೇನಿಲ್ಲ, ಸೋಪಿನ ನೀರು, ಬಿದ್ದೆ. ಒಳಗೆ ಉಕ್ಕಿನ ಸಳಿ ಹಾಕಿ ಹೊಲಿದರು. ನಾಲ್ಕು ಕಾಲಿನ ಕೋಲು ಹಿಡಿದು ನಡೆಯಬಹುದು, ಊರೊಳಗೆ ಆಟೋದಲ್ಲಿ ಮೆಲ್ಲಗೆ ಹೋಗಿ ಬರಬಹುದು, ಆದರೆ ಆರು ತಿಂಗಳು ಬಸ್ಸಿನ ಮೆಟ್ಟಿಲ ಕಡೆ ನೋಡಬೇಡ ಎಂದರು ಡಾಕ್ಟರು. ಅದಕ್ಕೆ ಮುಂಚೆ ನಾನು ಪ್ರತಿ ಅಮಾವಾಸ್ಯೆಯ ಮರುದಿನ ಬಸ್ಸು ಹತ್ತಿ ನಾರಾಯಣಖೇಡಕ್ಕೆ ಹೋಗುತ್ತಿದ್ದೆ. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ, ಅವ್ವನ ಮುಂದೆ ಒಂದು ದಿನ ಕೂತು, ಬೈಸಿಕೊಂಡು ಬರುತ್ತಿದ್ದೆ. ಪ್ರೀತಿ ಉಕ್ಕಿ ಹೋಗುತ್ತಿದ್ದೆ ಅಂತೇನಲ್ಲ. ಹೋಗದಿದ್ದರೆ ಮುಂದಿನ ಸಲ ಎರಡರಷ್ಟು ಬೈಯುತ್ತಿದ್ದಳು.

ಅವ್ವನಿಗೆ ಹತ್ತು ವರ್ಷದಿಂದ ಕಿವಿ ಇಲ್ಲ. ಕಿವಿಗೆ ಇಡುವ ಮಷೀನು ಗುಂಡಿ ದಾರಗಳ ಡಬ್ಬಿಯಲ್ಲಿದೆ. ಎದುರಿಗೆ ಕೂತವರ ಬಾಯಿ ನೋಡಿ ಮಾತು ತಿಳಿದುಕೊಳ್ಳುತ್ತಾಳೆ. ಹಾಗಾಗಿ ಫೋನಿನಲ್ಲಿ ನಾನು ಎಷ್ಟು ಕೂಗಿದರೂ ಅವಳಿಗೆ ಅದು ಬರೀ ಕಿವಿಗೆ ಒತ್ತಿದ ಡಬ್ಬಿ. ಮೊದಲ ಅಮಾವಾಸ್ಯೆ ನಾನು ಹೋಗದಿದ್ದಾಗ ತಮ್ಮ ಬಸಣ್ಣ ಅವಳ ಮುಂದೆ ಕೂತು, ಬಾಯಿ ಅಗಲಿಸಿ, ಅಕ್ಕ ಬಿದ್ದಾಳೆ, ಕಾಲಿಗೆ ಆಪರೇಷನ್ ಆಗಿದೆ ಎಂದು ಹೇಳಿದ. ಎರಡನೆಯ ಅಮಾವಾಸ್ಯೆ ದಾಟಿದ ಮೇಲೆ ಅವ್ವ ಅವನನ್ನು ಕರೆದು ಕೂರಿಸಿಕೊಂಡು ಕೇಳಿದಳಂತೆ:

“ಶಾಂತಾ ಯಾವಾಗ ಹೋದಳು? ಖರೇ ಹೇಳು.”

ಶಾಂತಾ ಅಂದರೆ ನಾನು. ಹೋದಳು ಅಂದರೆ ಸತ್ತಳು ಅಂತ.

ನಮ್ಮವ್ವ ಹೀಗೆ ಕೇಳುವುದಕ್ಕೆ ಕಾರಣ ಇದೆ. ಆ ಕಾರಣ ನಾನೇ. ನಮ್ಮ ಅಣ್ಣ ಶಿವಣ್ಣ ತಾಂಡೂರಿನಲ್ಲಿ ಇದ್ದ, ನೆಲಕ್ಕೆ ಹಾಸುವ ಪರಸಿ ಕಲ್ಲು ಉಜ್ಜುವ ಕಾರ್ಖಾನೆಯಲ್ಲಿ ಕೆಲಸ. ಹನ್ನೆರಡು ವರ್ಷದ ಹಿಂದೆ, ಅವ್ವನಿಗೆ ಇನ್ನೂ ಕಿವಿ ಕೇಳುತ್ತಿದ್ದಾಗ, ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಅದೇ ವಾರ ಅವ್ವನ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ಹದಿನೈದು ದಿನ ಕಣ್ಣಲ್ಲಿ ನೀರು ಬರಬಾರದು ಎಂದಿದ್ದರು. ಮನೆಯವರೆಲ್ಲ ಕೂತು, ಮುದುಕಿಗೆ ಈಗಲೇ ಹೇಳುವುದು ಬೇಡ ಎಂದು ನಿರ್ಧರಿಸಿದೆವು. ಮಣ್ಣು ಮಾಡಿ ಬಂದ ಮರುದಿನದಿಂದ ಅವಳ ಪಕ್ಕದಲ್ಲಿ ಕೂತು ಔಷಧ ಬಿಡುತ್ತಿದ್ದವಳು ನಾನು. ಶಿವಣ್ಣ ಯಾಕ ಬರಲಿಲ್ಲ ಎಂದು ದಿನಾ ಕೇಳುತ್ತಿದ್ದಳು. ಲಾರಿ ಲೋಡಿಂಗ್ ಅದ, ಕೆಮ್ಮು ಅದ, ಬರ್ತಾನ ಎಂದು ದಿನಕ್ಕೊಂದು ಹೇಳುತ್ತಿದ್ದೆ. ಸುಳ್ಳು ಹೇಳುವುದರಲ್ಲಿ ನನಗೆ ಅಷ್ಟು ಕೈ ಇದೆ ಎಂದು ನನಗೇ ಗೊತ್ತಿರಲಿಲ್ಲ. ಹದಿನಾರನೆಯ ದಿನ ಶಿವಣ್ಣನನ್ನು ನೋಡಲು ಹೋಗೋಣ ನಡಿ ಎಂದು ಕಾರಿನಲ್ಲಿ ಕೂರಿಸಿ ತಾಂಡೂರಿಗೆ ಕರೆದೊಯ್ದೆವು. ಹೊಸ ಕಣ್ಣಿನಿಂದ ಅವಳು ಅಲ್ಲಿ ಮೊದಲು ನೋಡಿದ್ದು ಗೋಡೆಯ ಮೇಲಿನ ಫೋಟೋ. ಅದಕ್ಕೆ ಹಾರ ಹಾಕಿತ್ತು.

ಅವ್ವ ಅಳಲಿಲ್ಲ. ನನ್ನ ಕಡೆ ತಿರುಗಿ, “ಹಣಿಗಿ ಇಬತ್ತಿ ಹಚ್ಚಾಕೂ ಬಿಡಲಿಲ್ಲ ನನಗ,” ಎಂದಳು. ವಿಭೂತಿಗೆ ನಮ್ಮ ಕಡೆ ಇಬತ್ತಿ ಅನ್ನುತ್ತೇವೆ. ಹೋದವರ ಹಣೆಗೆ ಹೆತ್ತವರು, ಹತ್ತಿರದವರು ಹಚ್ಚಿ ಕಳಿಸುತ್ತಾರೆ. ಅದು ಅವಳ ಪಾಲಿನದು, ನಾವು ಕಸಿದುಕೊಂಡಿದ್ದೆವು.

ಈಗ ನೀವೇ ಹೇಳಿ, ನಾನು ಬದುಕಿದ್ದೇನೆ ಎಂದು ಬಸಣ್ಣ ಬಾಯಿ ಅಗಲಿಸಿ ಹೇಳಿದರೆ ಅವಳು ಹೇಗೆ ನಂಬಬೇಕು? ಕಾರಿನಲ್ಲಿ ಕೂರು, ಜಹೀರಾಬಾದಿಗೆ ಹೋಗಿ ಅಕ್ಕನನ್ನೇ ತೋರಿಸುತ್ತೇನೆ ಎಂದನಂತೆ. “ಹಿಂದಕ ಒಮ್ಮೆ ಹಂಗೇ ಕರಕೊಂಡು ಹೋಗಿದ್ರಿ, ಬ್ಯಾಡ,” ಎಂದು ಕೋಣೆಯ ಬಾಗಿಲ ಹಿಡಿದು ನಿಂತಳಂತೆ. ತನ್ನ ಫೋನಿನಲ್ಲಿ ನನ್ನ ಮುಖ ತೋರಿಸಿದ. ಅಷ್ಟು ಸಣ್ಣ ಗಾಜಿನಲ್ಲಿ ಅವಳಿಗೆ ನಾನು ಒಂದು ಹುಣಸೆ ಬೀಜದಷ್ಟು ಕಂಡಿರಬೇಕು. “ಯಾರರೆ ಆಗಬಹುದು,” ಎಂದಳು. ಅವಳು ತಿನ್ನುವ ರೊಟ್ಟಿ ಒಂದರಿಂದ ಅರ್ಧಕ್ಕೆ ಇಳಿಯಿತು.

ಹಾಗಾಗಿ ಟ್ಯಾಬ್. ದೊಡ್ಡ ಗಾಜು ಇರಬೇಕು, ನನ್ನ ಮುಖ ಮುಖದಷ್ಟೇ ಕಾಣಬೇಕು, ಬಾಯಿ ಆಡುವುದು ತಿಳಿಯಬೇಕು. ಬಸಣ್ಣ ನಾನೇ ತರ್ತೀನಿ ಎಂದ. ಬೇಡ ಎಂದೆ. ಅವನು ತೊಗರಿ ವ್ಯಾಪಾರಿ, ಗೊತ್ತಿಲ್ಲದ ಸಾಮಾನು ಕೊಳ್ಳಲು ಹೋದರೆ ಅಂಗಡಿಯವನು ಹೇಳಿದ್ದಕ್ಕೆಲ್ಲ ತಲೆ ಆಡಿಸುತ್ತಾನೆ. ಸುಳ್ಳು ಹೇಳಿದವಳು ನಾನು, ನಾನೇ ಆರಿಸಬೇಕು.

ಮೊಮ್ಮಗಳು ನಂದಿನಿ ಕಾಲೇಜಿಗೆ ಹೋಗುವ ಹುಡುಗಿ. ಅವಳನ್ನು ಕರೆದುಕೊಂಡು ಆಟೋದಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯ ಶಬ್ಬೀರ್‌ಭಾಯಿಗೆ ಐವತ್ತರ ಮೇಲಿರಬೇಕು, ಗಡ್ಡಕ್ಕೆ ಮೆಹಂದಿ.

“ಆವೋ ಅಮ್ಮಾ, ಕೂಡ್ರಿ. ಟ್ಯಾಬ್ ಯಾರಿಗಿ, ಮೊಮ್ಮಗಳಿಗೇನ್ರಿ?”

“ನಮ್ಮವ್ವಗ.”

ಅವನು ನನ್ನ ನಾಲ್ಕು ಕಾಲಿನ ಕೋಲು ನೋಡಿದ, ನನ್ನ ಬಿಳಿ ತಲೆ ನೋಡಿದ. “ನಿಮ್ಮವ್ವಗ?”

“ಯಾಕ, ನನಗ ಅವ್ವ ಇರಬಾರದೇನು?”

“ಇರ್ಲಿ ಅಮ್ಮಾ, ಇರ್ಲಿ. ನಾ ಕೇಳಿದ್ದು ತಪ್ಪಾತು.” ನಂದಿನಿ ಬಾಯಿಗೆ ಓಡಣಿ ಹಿಡಿದು ನಕ್ಕಳು.

ನಾಲ್ಕು ಟ್ಯಾಬ್ ತೆಗೆದು ಗಾಜಿನ ಮೇಲೆ ಸಾಲಾಗಿ ಇಟ್ಟ. ಒಳಗೆ ಏನೇನಿದೆ ಎಂದು ಹೇಳತೊಡಗಿದ. ಇಷ್ಟು ಜಿಬಿ, ಅಷ್ಟು ಪಿಕ್ಸೆಲ್. ಇದರಾಗ ಗೇಮ್ ಆಡಿದ್ರೂ ಬಿಸಿ ಆಗಂಗಿಲ್ರಿ ಎಂದ.

“ನಮ್ಮವ್ವ ಗೇಮ್ ಆಡಂಗಿಲ್ಲ. ಗ್ವಾಡಿಗಿ ಆನಿಸಿದ್ರ ನಿಲ್ತದೇನು ಹೇಳು.”

ನಿಲ್ಲುವಂಥ ಕವರ್ ಇದೆ ಎಂದು ಕಪ್ಪು, ನೀಲಿ, ಕೆಂಪು ತೋರಿಸಿದ. ಕೆಂಪು ಆರಿಸಿದೆ. ಅವ್ವನ ಹಾಸಿಗೆಯಲ್ಲಿ ಕೌದಿ, ಹಳೆ ಸೀರೆ, ಗೊಂಡೆ ಚೀಲ ಏನೇನೋ ಇರುತ್ತವೆ, ಕಪ್ಪಾದರೆ ಅದರಲ್ಲಿ ಮುಳುಗಿ ಹೋಗುತ್ತದೆ.

ಆಮೇಲೆ ಒಂದೊಂದನ್ನೂ ಕೈಯಲ್ಲಿ ಹಿಡಿದು ತೂಕ ನೋಡಿದೆ. ಈ ತೂಕ ನೋಡುವ ಚಟ ನನಗೆ ಎರಡನೆಯ ಇಯತ್ತೆಯಿಂದ ಇದೆ. ನಮ್ಮ ಮನೆಯಲ್ಲಿ ನನಗೂ ಶಿವಣ್ಣನಿಗೂ ಸೇರಿ ಒಂದೇ ಪಾಟಿ. ಪಾಟಿ ಅಂದರೆ ಸ್ಲೇಟು. ಒಂದು ದಿನ ಅವನು ಅದನ್ನು ತಲೆಯಡಿ ಇಟ್ಟುಕೊಂಡು ಬಾರಿ ಹಣ್ಣಿನ ಗಿಡದ ಕೆಳಗೆ ಮಲಗಿ, ಎದ್ದಾಗ ಅದರ ಮೇಲೇ ಕಾಲಿಟ್ಟು ಎರಡು ತುಂಡು ಮಾಡಿದ. ಅಪ್ಪನಿಗೆ ಹೇಳುವ ಧೈರ್ಯ ಇಬ್ಬರಿಗೂ ಇಲ್ಲ. ಆಗ ಊರಿನ ಮಠದಲ್ಲಿ ತಾಂಡೂರಿನ ಪರಸಿ ಕಲ್ಲು ಹಾಸುತ್ತಿದ್ದರು. ಒಡೆದು ಬಿಸಾಕಿದ್ದ ಒಂದು ತೆಳು ಚೂರು ಎತ್ತಿಕೊಂಡು ಬಂದು, ಉಸುಕು ನೀರು ಹಾಕಿ ಎರಡು ದಿನ ಉಜ್ಜಿ ಉಜ್ಜಿ ನನಗೆ ಒಂದು ಪಾಟಿ ಮಾಡಿಕೊಟ್ಟ. ಬಹಳ ನುಣುಪಾಗಿತ್ತು, ಸುಳ್ಳು ಹೇಳಬಾರದು. ಆದರೆ ಅದನ್ನು ಹೊರಲು ಒಂದು ಕತ್ತೆ ಬೇಕಿತ್ತು. ತಲೆಯ ಮೇಲೆ ಸಿಂಬಿ ಇಟ್ಟು ಅದರ ಮೇಲೆ ಕಲ್ಲು ಇಟ್ಟುಕೊಂಡು ನಾನು ಸಾಲೆಗೆ ಹೋದೆ. ಮಾಸ್ತರರು ಬಾಗಿಲಲ್ಲೇ ನಿಲ್ಲಿಸಿ, “ಏನು ಶಾಂತವ್ವಾ, ಮನಿ ಕಟ್ಟಾಕ ಹೊಂಟೀಯೇನು?” ಎಂದರು. ಶಿವಣ್ಣ ಮುಂದೆ ಜೀವಮಾನವೆಲ್ಲ ಅದೇ ಕಲ್ಲು ಉಜ್ಜಿದ. ನನ್ನ ಪಾಟಿಯಿಂದಲೇ ಆ ಕೆಲಸ ಅವನ ಕೈಗೆ ಹತ್ತಿತೋ ಏನೋ.

ಇರಲಿ. ಹಗುರಾದ ಎರಡು ಟ್ಯಾಬ್ ಬದಿಗಿಟ್ಟುಕೊಂಡು ಬೆರಳು ಒತ್ತಿ ನೋಡಿದೆ. ಮೊದಲನೆಯದು ನಾನು ಒತ್ತಿದರೆ ಕಲ್ಲಿನಂತೆ ಸುಮ್ಮನಿತ್ತು. ನಂದಿನಿ ಮುಟ್ಟಿದರೆ ತೆರೆಯಿತು. ನನ್ನದು ಮೂರು ಸಲ ಒತ್ತಿದರೂ ಇಲ್ಲ.

“ನಿಮ್ಮ ಬೆರಳು ಒಣಗ್ಯಾವ ಅಮ್ಮಾ,” ಎಂದ ಶಬ್ಬೀರ್‌ಭಾಯಿ.

“ಬೆರಳು ನಿನ್ನ ಅಂಗಡ್ಯಾಗ ಸಿಗ್ತಾವೇನು?”

“ಇಲ್ರಿ.”

“ಮತ್ತ ಬ್ಯಾರೆ ಟ್ಯಾಬ್ ತೋರ್ಸು.”

ರೊಟ್ಟಿ ಬಡಿದ ಕೈ ಇವು. ನನ್ನವೇ ಹೀಗಾದರೆ ಅವ್ವನವು ಹೇಗಿರಬೇಡ? ರೇಷನ್ ಅಂಗಡಿಯ ಮಷೀನು ಅವಳ ಹೆಬ್ಬೆಟ್ಟನ್ನು ಗುರುತು ಹಿಡಿಯುವುದನ್ನೇ ಬಿಟ್ಟಿದೆ, ಬೆರಳಿನ ಗೆರೆ ಹಿಟ್ಟಿನೊಂದಿಗೆ ಎಂದೋ ಹೋಗಿವೆ. ಆದ್ದರಿಂದ ಎರಡನೆಯದನ್ನು ನಾನು ಸುಮ್ಮನೆ ಒಪ್ಪಲಿಲ್ಲ. ಅವನ ಚಹಾದ ಪಕ್ಕದ ನೀರಿನ ಗ್ಲಾಸಿನಲ್ಲಿ ಬೆರಳು ಅದ್ದಿ ಒತ್ತಿದೆ. ಅವನು ಅಯ್ಯೋ ಎಂದು ಬಟ್ಟೆ ತಂದ. ಹಂಚು ಮುಟ್ಟಿ ಸುಟ್ಟ ಬೆರಳಿನಿಂದ ಒತ್ತಿದೆ. ಹೆಬ್ಬೆಟ್ಟಿನಿಂದ ಒತ್ತಿದೆ. ಎಲ್ಲಕ್ಕೂ ತೆರೆಯಿತು. ಒದ್ದೆ ಬೆರಳು, ಒಣ ಬೆರಳು, ಸುಟ್ಟ ಬೆರಳು, ಎಲ್ಲ ಪರೀಕ್ಷೆ ಆಯಿತು ಎಂದು ಬಹಳ ಜಾಣತನದಿಂದ ಅದನ್ನೇ ಕಟ್ಟಿಸಿಕೊಂಡು ಬಂದೆ. ಇನ್ನೊಂದು ಬೆರಳು ಇದೆ ಎಂದು ನನಗೆ ಹೊಳೆಯಲಿಲ್ಲ.

ಗಾಜು ತೆರೆದ ಕೂಡಲೇ ನನ್ನ ಮುಖದ ಚಿತ್ರ ಒಂದೇ ಕಾಣಬೇಕು, ಅದರ ಮೇಲೆ ಒತ್ತಿದರೆ ನೇರ ನನಗೆ ಕರೆ ಬರಬೇಕು, ಹಾಗೆ ನಂದಿನಿ ಮಾಡಿಕೊಟ್ಟಳು. ಟ್ರ್ಯಾಕ್ಟರಿನ ಸಾಮಾನಿಗೆಂದು ಜಹೀರಾಬಾದಿಗೆ ಬಂದಿದ್ದ ಬಸಣ್ಣ ಅದನ್ನು ಒಯ್ದ. ಅವ್ವ ನೋಡಿ, “ಈ ವಯಸ್ಸಿನ್ಯಾಗ ನನಗ ಸಾಲಿಗಿ ಹಾಕ್ತೀರೇನು, ಪಾಟಿ ತಂದೀರಿ?” ಎಂದಳಂತೆ. ಅವಳು ಸಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಮರುದಿನ ಬಸಣ್ಣನೇ ಒತ್ತಿ ಅವಳ ಮುಂದೆ ಹಿಡಿದ. ಇಲ್ಲಿ ನಾನು ತಲೆ ಬಾಚಿ, ಮುಖಕ್ಕೆ ಪೌಡರು ಹಚ್ಚಿ, ಮದುವೆ ಮನೆಗೆ ಉಡುವ ಹಸಿರು ಸೀರೆ ಉಟ್ಟು, ಗೋಡೆಗೆ ಬೆನ್ನು ಹಚ್ಚಿ ಕೂತಿದ್ದೆ. “ಆಯಿ, ಜಾಸ್ತಿ ಅಲುಗಾಡಬ್ಯಾಡ, ನೆಟ್‌ವರ್ಕ್ ಸಾಲಂಗಿಲ್ಲ, ಮಸುಕು ಬರ್ತೀ,” ಎಂದಿದ್ದಳು ನಂದಿನಿ. ನಮ್ಮ ಕಾಲದ ಸ್ಟುಡಿಯೋದವನು ಉಸಿರೂ ಬಿಡಬ್ಯಾಡ ಎನ್ನುತ್ತಿದ್ದ. ನಾನು ಉಸಿರೂ ಬಿಡಲಿಲ್ಲ. ರೆಪ್ಪೆ ಬಡಿಯಲಿಲ್ಲ. ಅವ್ವ ಕನ್ನಡಕ ಏರಿಸಿಕೊಂಡು ನನ್ನನ್ನು ಬಹಳ ಹೊತ್ತು ನೋಡಿದಳು.

“ಹಾರ ಎಲ್ಲಿ?” ಎಂದಳು.

ಬಸಣ್ಣನಿಗೆ ತಿಳಿಯಲಿಲ್ಲ. ಅವ್ವ ಮತ್ತೆ ಹೇಳಿದಳು, “ಫೋಟೋಕ ಹಾರ ಹಾಕಿಲ್ಲಲ್ಲ ಇನ್ನಾ.” ಟ್ಯಾಬನ್ನು ದೂಡಿ ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಉಸಿರು ಬಿಟ್ಟು, ಅವ್ವಾ, ನಾನು ಎಂದು ಕೂಗಿದೆ. ಬೆನ್ನಿಗೆ ಕಿವಿ ಇರುವುದಿಲ್ಲ, ಅವಳಿಗಂತೂ ಎಲ್ಲೂ ಇಲ್ಲ. ಪೌಡರಿನ ಮುಖ ಹೊತ್ತು ಗೋಡೆಗೆ ಆನಿಸಿ ಕೂತ ನನ್ನನ್ನು ನೆನೆದರೆ ಈಗಲೂ ಒಂದು ಬಾರಿಸೋಣ ಅನ್ನಿಸುತ್ತದೆ.

ಆ ಸಂಜೆ ಅವ್ವ ತನ್ನ ಕರಾರು ಹೇಳಿದಳು. ತಮ್ಮನ ಹೆಂಡತಿ ಸುಗಲಾ ನನಗೆ ಫೋನು ಮಾಡಿ ಅದನ್ನು ಒಪ್ಪಿಸಿದಳು.

“ಅಕ್ಕಾ, ಅತ್ತಿ ಹಿಂಗಂತಾರ್ರಿ. ನೀವು ಫೋನು ಹಚ್ಚಿದ್ರ ನೀವು ತೋರ್ಸಿದ್ದು. ನಾ ಹಚ್ಚಿದ್ರ ನಾ ಕಂಡಿದ್ದು. ಮುಂಜಾನಿ ಪೂಜಿ ಆದ ಮ್ಯಾಲ, ಲಿಂಗಾ ಮುಟ್ಟಿದ ಕೈಲೆ ಹಚ್ತೀನಿ, ಆ ಕೈಗಿ ಸುಳ್ಳು ಕಾಣಂಗಿಲ್ಲ. ಮಗಳು ಕಂಡ್ರ ಉಣ್ತೀನಿ, ಇಲ್ಲಂದ್ರ ಇಲ್ಲ.”

“ಹಚ್ಚೂದು ಕಲಿಸಿದೇನು?”

“ಕಲಿಸೀನ್ರಿ. ನಿಮ್ಮ ಮಾರಿ ಮ್ಯಾಲ ಬಳ್ಳು ಒತ್ತಬೇಕು ಅಂದೆ. ಸಣ್ಣಾಕಿದ್ದಾಗ ಭಾಳ ಒತ್ತೀನಿ ಅಂದ್ರು.”

ಮರುದಿನ ಎಂಟಕ್ಕೆ ಫೋನು ಮುಂದಿಟ್ಟುಕೊಂಡು ಕೂತೆ. ಬರಲಿಲ್ಲ. ಅವ್ವ ಒತ್ತಿದಳಂತೆ, ಗಾಜು ಮಿಸುಕಲಿಲ್ಲವಂತೆ. ಸುಗಲಾ ಒತ್ತಿದರೆ ನನ್ನ ಫೋನು ಬಡಿದುಕೊಳ್ಳುತ್ತದೆ. ಅವ್ವ ಆಗ ಕಣ್ಣು ಮುಚ್ಚಿ ಕೂರುತ್ತಾಳೆ. ಎರಡನೆಯ ದಿನವೂ ಹಾಗೇ. ಮಧ್ಯಾಹ್ನ ಒಂದು ಬಟ್ಟಲು ಅಂಬಲಿ, ಅಷ್ಟೇ. ಮೂರನೆಯ ದಿನ ಬಸಣ್ಣ ಅದನ್ನು ಅಲ್ಲಿನ ಒಬ್ಬ ರಿಪೇರಿಯವನಿಗೆ ತೋರಿಸಿದ. ಎಲ್ಲಾ ಛಲೋ ಅದ ಎಂದನಂತೆ. ನಾನು ಇಲ್ಲಿ ಶಬ್ಬೀರ್‌ಭಾಯಿಗೆ ಫೋನು ಮಾಡಿ ಹದಿನೈದು ನಿಮಿಷ ಬೈದೆ. ಅವನು ನಡುನಡುವೆ ಹೌದ್ರಿ ಅಮ್ಮಾ ಎನ್ನುತ್ತಿದ್ದ. ಒಳ್ಳೆಯ ಮನುಷ್ಯ.

ನಾಲ್ಕನೆಯ ದಿನ ಸುಗಲಾ ಏನೋ ಮಾತಿಗೆ ಹೇಳಿದಳು: “ದಿನಾ ಗಾಜು ಒರಸೂದೇ ಆಗ್ಯಾದ್ರಿ ಅಕ್ಕಾ. ನಿಮ್ಮ ಮಾರಿ ತುಂಬ ಬಿಳಿ ಬಳ್ಳು ಮೂಡಿರ್ತಾವ.”

ಬಿಳಿ ಬೆರಳು ಅಂದ ಕೂಡಲೇ ನಾನು ಸಾಲೆಯ ಪರೀಕ್ಷೆಯ ದಿನಕ್ಕೆ ಹೋಗಿ ಬಿದ್ದೆ. ಅದೇ ಕಲ್ಲಿನ ಪಾಟಿ. ಪರೀಕ್ಷೆಗೆ ಹೊರಟವಳು ಅವ್ವನ ಕಾಲು ಮುಟ್ಟಿದೆ. ಅವಳು ಪೂಜೆ ಮುಗಿಸಿ ಎದ್ದಿದ್ದಳಷ್ಟೇ. ಮೂರು ಬೆರಳಿನಿಂದ ನನ್ನ ಹಣೆಗೆ ಇಬತ್ತಿ ಎಳೆದಳು. ಪಾಟಿಗೂ ಒಳ್ಳೆಯದಾಗಲಿ ಎಂದು ಅದಕ್ಕೂ ಕೈ ತುಂಬ ಸವರಿದಳು. ಸಾಲೆಯಲ್ಲಿ ಮಾಸ್ತರರು ಲೆಕ್ಕ ಹೇಳಿದರು, ನಾನು ಬರೆದೆ, ಬಿಳಿ ಇಬತ್ತಿಯ ಮೇಲೆ ಬಿಳಿ ಬಳಪ, ಒಂದು ಅಂಕಿಯೂ ಕಾಣಲಿಲ್ಲ. ನಾನು ಅಳುವುದು ನೋಡಿ ಶಿವಣ್ಣ ತನ್ನ ಸಾಲಿನಿಂದ ಎದ್ದು ಬಂದು, ಪಾಟಿ ಕಸಿದು, ಕುಡಿಯುವ ನೀರಿನ ಕೊಡದಡಿ ಹಿಡಿದು ತೊಳೆದುಕೊಟ್ಟ. ನಾನು ಪಾಸಾದೆ. ಸಂಜೆ ಮನೆಗೆ ಬಂದು, ಅಣ್ಣ ಇಬತ್ತಿ ತೊಳೆದ ಎಂದು ಅವ್ವನಿಗೆ ಚಾಡಿ ಹೇಳಿದೆ. ಅವನಿಗೆ ಎರಡು ಬಿದ್ದವು. ಹೊಡೆಸಿದ್ದು ನಾನು, ಅವನು ಅದನ್ನು ಎಂದೂ ಎತ್ತಿ ಆಡಲಿಲ್ಲ.

ಅವ್ವ ಪೂಜೆಯಾದ ಮೇಲೆ, ಊಟಕ್ಕೆ ಕೂರುವ ತನಕ ಕೈ ತೊಳೆಯುವುದಿಲ್ಲ. ಅವಳ ಅತ್ತೆಯಿಂದ ಬಂದ ಪದ್ಧತಿ ಅದು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡುತ್ತಾಳೆ, ಬಲಗೈಯಲ್ಲಿ ಇಬತ್ತಿ, ಕೊನೆಗೆ ಎರಡೂ ಕೈ ಬಿಳಿ. ಮೊದಲೇ ಒಣಗಿ ಚಕ್ಕೆಯಾದ ಬೆರಳು, ಅದರ ಮೇಲೆ ಒಂದು ಪದರ ಭಸ್ಮ. ಗಾಜಿಗೆ ಅದು ಬೆರಳೇ ಅಲ್ಲ. ಗಂಟು ಹೇಗೆ ಬಿದ್ದಿತ್ತು ನೋಡಿ. ನನ್ನನ್ನು ಕಾಣದೆ ಊಟ ಇಲ್ಲ. ಊಟ ಇಲ್ಲದೆ ಕೈ ತೊಳೆಯುವುದಿಲ್ಲ. ಕೈ ತೊಳೆಯದೆ ನಾನು ಕಾಣುವುದಿಲ್ಲ.

“ಸುಗಲಾ, ಕೈ ತೊಳದು ಹಚ್ಚು ಅಂತ ಹೇಳು ಅವ್ವಗ.”

“ನೀವೇ ಬಂದು ಹೇಳ್ರಿ ಅಕ್ಕಾ. ನನಗ ಇರೂದು ಒಂದ ಕುತಿಗಿ.”

ಕೊನೆಗೆ ಹೇಗೋ ಕೈಸನ್ನೆ ಬಾಯಿಸನ್ನೆ ಮಾಡಿ ಹೇಳಿದಳು, ಇಬತ್ತಿ ಕೈ ಮುಟ್ಟಿದರೆ ಇದು ಓಗೊಡುವುದಿಲ್ಲ ಅಂತ. ನಾವಿಬ್ಬರೂ ಯೋಚನೆ ಮಾಡದೆ ಮಾಡಿದ ತಪ್ಪು ಅದು. ಅವ್ವ ತಲೆ ಆಡಿಸಿ ಸಾವಕಾಶ ಹೇಳಿದಳಂತೆ:

“ಇಬತ್ತಿಗಿ ಅಂಜಿ ಹಿಂದಕ ಸರಿಯೋದು ಒಂದೇ. ದೆವ್ವ. ತಿಳೀತು ಬಿಡು. ನನ್ನ ಮಗಳು ಹೋಗ್ಯಾಳ, ಇದರಾಗ ಕುಂತಾಳ.”

ಆ ರಾತ್ರಿ ಅಂಬಲಿಯೂ ಬೇಡ ಎಂದಳು. ಸುಗಲಾ ಫೋನಿನಲ್ಲಿ ಅಳುತ್ತಿದ್ದಳು. ಆರು ತಿಂಗಳಾಗಲಿ ವರ್ಷವಾಗಲಿ, ನಾಳೆ ಬೆಳಿಗ್ಗೆ ನಾನು ಕಾರಿನಲ್ಲಿ ಮಲಗಿಕೊಂಡಾದರೂ ಬರುತ್ತೇನೆ, ಸಳಿ ಮುರಿದರೆ ಇನ್ನೊಂದು ಹಾಕುತ್ತಾರೆ ಎಂದು ನನ್ನ ಮಗನಿಗೆ ಹೇಳಿದೆ. ಅವನು ಡಾಕ್ಟರನ್ನು ಕೇಳ್ತೀನಿ ಎಂದ. ನನ್ನನ್ನು ಕೇಳುವವರು ಈ ಮನೆಯಲ್ಲಿ ಕಡಿಮೆ.

ಬೆಳಿಗ್ಗೆ ಮಗ ಡಾಕ್ಟರಿಗೆ ಫೋನು ಹಚ್ಚಲು ಹೊರಗೆ ಹೋಗಿದ್ದ. ದಾರಿಗೆ ಹೊಟ್ಟೆ ತುಂಬಿರಲಿ ಎಂದು ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ರೊಟ್ಟಿ, ಕೆಂಪು ಚಟ್ನಿ ಬಾಯಲ್ಲಿ ತುರುಕಿಕೊಂಡಿದ್ದೆ. ತಲೆ ಬಾಚಿರಲಿಲ್ಲ, ಹಳೆಯ ಹರಿದ ಸೀರೆ. ಪಕ್ಕದ ಮನೆಯ ಬೆಕ್ಕು ಹಾಲಿನ ಪಾತ್ರೆಯಲ್ಲಿ ಮೂತಿ ಇಟ್ಟಿತ್ತು. ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ಸುಗಲಾ ಇರಬೇಕೆಂದು ಒತ್ತಿ, ಬೆಕ್ಕಿನ ಕಡೆ ಕೋಲು ಬೀಸುತ್ತಾ, “ನಿನ್ನ ಹೆಣಾ ಎತ್ತ,” ಎಂದು ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ಕೂಗಿದೆ. ತಿರುಗಿ ನೋಡಿದರೆ ಫೋನಿನ ತುಂಬ ಒಂದು ಮೂಗು.

ಅಲ್ಲಿ ಆದದ್ದು ಸುಗಲಾ ಆಮೇಲೆ ಹೇಳಿದಳು. ಪೂಜೆ ಮುಗಿಸಿದ ಅವ್ವ ತಾನೇ ಟ್ಯಾಬ್ ಕೇಳಿ ತೊಡೆಯ ಮೇಲೆ ಇಟ್ಟುಕೊಂಡಳಂತೆ. ಕರೆಗೆಂದು ಒತ್ತಲಿಲ್ಲ. ನನ್ನ ಚಿತ್ರದ ಹಣೆಯ ಮೇಲೆ ಮೂರು ಬೆರಳಿನಿಂದ ಇಬತ್ತಿ ಎಳೆದಳಂತೆ. ಅಣ್ಣನಿಗೆ ಹಚ್ಚಲು ನಾವು ಬಿಟ್ಟಿರಲಿಲ್ಲ, ನನಗಾದರೂ ಹಚ್ಚಿ ಕಳಿಸೋಣ ಎಂದು. ಗೆರೆ ಸರಿಯಾಗಿ ಮೂಡಿದೆಯೋ ಇಲ್ಲವೋ ಎಂದು ಬಗ್ಗಿ, ಇನ್ನೂ ಬಗ್ಗಿ ನೋಡಿದಳು. ಮೂಗು ಗಾಜಿಗೆ ತಗುಲಿತು. ಮೂಗಿಗೆ ಇಬತ್ತಿ ಇರಲಿಲ್ಲ.

ಮೂಗು ಹಿಂದೆ ಸರಿದು ಅವ್ವನಾಯಿತು. ಬೆಕ್ಕು ಮತ್ತೆ ಹಾಲಿಗೆ ಬಾಯಿ ಹಾಕಿತು, ನಾನು ಫೋನಿನ ಕಡೆ ಮುಖ ಇಟ್ಟುಕೊಂಡೇ ಮತ್ತೊಮ್ಮೆ ಅದರ ಹೆಣಾ ಎತ್ತ ಎಂದೆ. ಅವಳು ನನ್ನ ತಲೆ, ಸೀರೆ, ಕೆನ್ನೆಯಲ್ಲಿ ಗಡ್ಡೆಗಟ್ಟಿದ್ದ ರೊಟ್ಟಿ ಎಲ್ಲವನ್ನೂ ಒಂದೊಂದಾಗಿ ನೋಡಿದಳು.

“ಯಾರ ಹೆಣಾ ಎತ್ತಾಕ ಹತ್ತೀ?”

“ಬೆಕ್ಕಿಂದವ್ವಾ.”

“ಬಾಯಾಗಿಂದು ನುಂಗು ಮೊದಲ. ಎಷ್ಟ ಸಲ ಹೇಳೀನಿ.”

ನುಂಗಿದೆ. ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ನೀರು ಕುಡಿದೆ. ಅವಳು ಅದೆಲ್ಲ ಮುಗಿಯುವ ತನಕ ಕಾದಳು.

“ಎದ್ದು ನಿಂದ್ರು. ನಡಿ.”

ಫೋನನ್ನು ಡಬ್ಬಿಗೆ ಆನಿಸಿ, ಕೋಲು ಹಿಡಿದು ಒಲೆಯ ತನಕ ಹೋಗಿ ತಿರುಗಿ ಬಂದೆ. ಆಗಿನ್ನೂ ಬಹಳ ಕುಂಟುತ್ತಿದ್ದೆ. ಅವ್ವ ಪಕ್ಕಕ್ಕೆ ತಿರುಗಿ ಸುಗಲಾಗೆ ಹೇಳಿದ್ದು ನನಗೂ ಕೇಳಿಸಿತು.

“ದೆವ್ವ ಕುಂಟಂಗಿಲ್ಲ. ಇಕಿ ಶಾಂತಾನೇ. ಎರಡು ರೊಟ್ಟಿ ಹಾಕು ನನಗ.”

ನನ್ನ ಕಡೆ ಮತ್ತೆ ನೋಡದೆ ಕೈ ತೊಳೆಯಲು ಎದ್ದು ಹೋದಳು. ಫೋನು ಅವಳ ಹಾಸಿಗೆಯ ಮೇಲಿನ ಜಂತಿಯನ್ನೇ ತೋರಿಸುತ್ತ ಬಹಳ ಹೊತ್ತು ಹಾಗೇ ಇತ್ತು. ನಾನೂ ಅದನ್ನೇ ನೋಡುತ್ತ ಕೂತಿದ್ದೆ. ಬೆಕ್ಕು ಉಳಿದ ಹಾಲು ಮುಗಿಸಿತು.

ಅಂದಿನಿಂದ ಅವಳು ಬೆರಳು ಉಪಯೋಗಿಸಿದ್ದಿಲ್ಲ. ಮೂಗಿನಿಂದಲೇ. ಮೊಮ್ಮಕ್ಕಳು ನಗುತ್ತಾರೆ, ಅವಳಿಗೆ ಕೇಳಿಸುವುದಿಲ್ಲ. ಅಷ್ಟು ಜಾಣತನದಿಂದ ಪರೀಕ್ಷೆ ಮಾಡಿ ತಂದ ಟ್ಯಾಬಿನಲ್ಲಿ ಅವಳು ದಿನಕ್ಕೆ ಆಡುವುದು ಒಂದೇ ಮಾತು, ಇದ್ದೀಯಾ ಅಂತ. ಮೂಗು ಹಿಂದೆ ಸರಿಯುತ್ತದೆ. ನನ್ನನ್ನು ನೋಡುತ್ತಾಳೆ.

“ಅದೀ?”

“ಅದೀನಿ.”

ಆಯಿತು. ಮತ್ತೆ ಮೂಗು ಬಂದು ಎಲ್ಲಾದರೂ ತಗುಲಿ ಕರೆ ಕಡಿಯುತ್ತದೆ. ಹೇಗಿದ್ದೀ, ಏನು ಉಂಡೆ, ಅದೆಲ್ಲ ಇಲ್ಲ. ಈಗ ಆರು ತಿಂಗಳು ಮುಗಿದು ನಾನು ಮತ್ತೆ ಅಮಾವಾಸ್ಯೆಯ ಮರುದಿನ ಬಸ್ಸು ಹತ್ತುತ್ತೇನೆ. ಅಂದೂ ಬೆಳಿಗ್ಗೆ ಮೂಗು ಬಂದೇ ಬರುತ್ತದೆ. ನಾನು ಸಂಕಟಪಟ್ಟು ನಾರಾಯಣಖೇಡ ಮುಟ್ಟಿ ಎದುರಿಗೆ ಕೂತರೆ, “ಮುಂಜಾನಿ ನೋಡೀನಲ್ಲ, ಮತ್ತ ಯಾಕ ಬಂದಿ?” ಎನ್ನುತ್ತಾಳೆ. ರೊಟ್ಟಿಯ ಗಂಟನ್ನು ಮಾತ್ರ ಕೈಯಿಂದ ಕಸಿದುಕೊಳ್ಳುತ್ತಾಳೆ.

ಮೊನ್ನೆ ಒಂದು ಬೆಳಿಗ್ಗೆ ಮೂಗು ಬರಲಿಲ್ಲ. ಎಂಟಾಯಿತು, ಎಂಟೂವರೆ ಆಯಿತು. ಬಸಣ್ಣನಿಗೆ ಫೋನು ಮಾಡಿದರೆ ಎತ್ತಲಿಲ್ಲ, ಸುಗಲಾ ಎತ್ತಲಿಲ್ಲ. ಸೊಸೆ ಬಂದು ತಾಟಿನಲ್ಲಿ ರೊಟ್ಟಿ ಇಟ್ಟು ಹೋದಳು. ನಾನು ಇಬ್ಬರೂ ಯಾಕೆ ಎತ್ತಲಿಲ್ಲ ಎಂದು ಯೋಚಿಸುತ್ತ ಕೂತೆ. ಹೇಳುವುದು ಬೇಡ ಎಂದು ಮನೆಯವರೆಲ್ಲ ಕೂತು ನಿರ್ಧರಿಸುವುದು ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಅಕ್ಕನ ಕಾಲು ಸರಿಯಿಲ್ಲ, ಈಗಲೇ ಬೇಡ ಅಂದಿರುತ್ತಾರೆ. ಒಂಬತ್ತು ಹೊಡೆಯಿತು. ರೊಟ್ಟಿ ಮುಟ್ಟಿರಲಿಲ್ಲ. ಹಾಗಂತ ನನಗೆ ಗೊತ್ತೇ ಆಗಿರಲಿಲ್ಲ.

ಒಂಬತ್ತೂ ಕಾಲಿಗೆ ಫೋನು ಬಡಿಯಿತು. ಕಪ್ಪು, ಹೊಳ್ಳೆ, ತೂತು. ಮೂಗು ಹಿಂದೆ ಸರಿದು ಮುಖವಾದ ಕೂಡಲೇ, ಅವಳು ಬಾಯಿ ತೆಗೆಯುವ ಮೊದಲೇ ಕೇಳಿದೆ:

“ಅದೀಯೇನವ್ವಾ?”

ಸುಗಲಾ ಅವಳ ತಲೆಗೆ ನೀರು ಹಾಕಿದ್ದಳು, ಬಿಳಿ ಕೂದಲು ಹೆಗಲ ಮೇಲೆ ಒದ್ದೆಯಾಗಿ ಬಿದ್ದಿತ್ತು. ಅದಕ್ಕೇ ತಡ. ನನ್ನ ಬಾಯಿ ಆಡಿದ್ದನ್ನು ಅವಳು ಕನ್ನಡಕದೊಳಗಿಂದ ನೋಡಿ, ಮಾತು ಕೂಡಿಸಿಕೊಂಡು, ಹುಬ್ಬು ಗಂಟಿಕ್ಕಿದಳು.

“ಅದು ನಾ ಕೇಳೂದು. ನೀ ಹೇಳು.”

ಹೇಳಿದೆ. ಮೂಗು ಬಂದು ಕರೆ ಕಡಿಯಿತು. ರೊಟ್ಟಿ ಆರಿತ್ತು. ತಿಂದೆ.